ಅರಸೀಕೆರೆ ಹತ್ತಿರ ಕನ್ನಡದಲ್ಲಿ ನಡೆಯುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರ ಗುಂಪು) ಮೀಟಿಂಗ್ ಇದೆಯಾ? ಹುಡುಕುವುದು ಹೇಗೆ?

ಕೊಬ್ಬರಿ ಸಂತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದನ್ನು ಕೇಳುವುದಕ್ಕೆಂದೇ ಹೊಸ ಖಾತೆ ತೆರೆದಿದ್ದೇನೆ. ಹೆಸರು ಹಾಕುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಅರಸೀಕೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಪೈಪು, ಪೇಂಟು, ಮೊಳೆ, ಮೋಟಾರ್ ಸಾಮಾನು. ವಯಸ್ಸು ನಲವತ್ತು ದಾಟಿದೆ. ಕುಡಿತ ಮೊದಲು ಶನಿವಾರಕ್ಕೆ ಇತ್ತು, ಆಮೇಲೆ ದಿನಾ ರಾತ್ರಿಗೆ ಬಂತು. ಈಗ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಪಿವಿಸಿ ಪೈಪಿನ ಸಂದಿಯಲ್ಲಿ ಇಟ್ಟಿರುವ ಟೆಟ್ರಾ ಪ್ಯಾಕ್‌ನಿಂದ ಒಂದು ನೈಂಟಿ ಇಳಿಸದಿದ್ದರೆ ಬಿಲ್ ಬರೆಯಲು ಆಗುವುದಿಲ್ಲ. ಪೆನ್ನು ಕಾಗದದ ಮೇಲೆ ನಿಲ್ಲುವುದೇ ಇಲ್ಲ. ಅಂಗಡಿ ಹುಡುಗನಿಗೆ ಇದು ಗೊತ್ತು. "ನಾನೇ ಬರೀತೀನಿ ಬಿಡಣ್ಣ" ಅಂತ ಬಿಲ್ ಪುಸ್ತಕ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಅವನಿಗೆ ಇಪ್ಪತ್ತು ವರ್ಷ. ಗಿರಾಕಿ ಎದುರು ನನ್ನ ಮಾನ ಉಳಿಸುತ್ತಿದ್ದಾನೆ.

ಇನ್ನೊಂದು ವಿಷಯ. ನಾನು ಹಿಂದೆಲ್ಲ ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಿದ್ದೆ. ಮಂಡಲದ 41 ದಿನ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಊರಿಗೆ ಬಂದು ಮಾಲೆ ತೆಗೆದ ಸಂಜೆ ಮತ್ತೆ ಶುರು. ಕಳೆದ ಸಲ ಮಾಲೆ ಹಾಕಿದ ಮರುದಿನವೇ ಮೈಯೆಲ್ಲ ಬೆವರು, ಕೈ ನಡುಕ. ರಾತ್ರಿ ಗೋಡೆ ಮೇಲೆ ಏನೋ ಹರಿದಾಡಿದ ಹಾಗೆ ಕಂಡಿತು. ಗುರುಸ್ವಾಮಿಗೆ ಜ್ವರ ಅಂತ ಹೇಳಿ ಮಾಲೆ ತೆಗೆದೆ.

ಹೋದ ತಿಂಗಳು ಹೊಟ್ಟೆ ಸ್ಕ್ಯಾನ್ ಮಾಡಿಸಿದೆ. ಡಾಕ್ಟರ್ ರಿಪೋರ್ಟ್ ನೋಡಿ "ಎಎಗೆ ಹೋಗಿ" ಅಂದರು, ಚೀಟಿಯಲ್ಲೂ ಅಷ್ಟೇ ಬರೆದರು. ಎಲ್ಲಿ, ಯಾವಾಗ, ಯಾರನ್ನು ಕೇಳಬೇಕು, ಏನೂ ಇಲ್ಲ. ಹೊರಗೆ ಇನ್ನೂ ಜನ ಕಾಯುತ್ತಿದ್ದರು, ನಾನೂ ಎದ್ದು ಬಂದೆ.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲಿ ನಡೆಯುತ್ತಾ? ದುಡ್ಡು ಎಷ್ಟು? ಎಲ್ಲರ ಎದುರು ಎದ್ದು ನಿಂತು ಹೇಳಲೇಬೇಕಾ? ಮತಾಂತರ ಮಾಡುತ್ತಾರೆ ಅಂತ ಒಬ್ಬರು ಹೆದರಿಸಿದರು, ನಿಜವಾ? ಎಲ್ಲಕ್ಕಿಂತ ಜಾಸ್ತಿ ಭಯ ಅಂದರೆ, ನಮ್ಮದು ಚಿಕ್ಕ ಊರು. ಅಲ್ಲಿ ನನ್ನ ಗಿರಾಕಿಯೇ ಕೂತಿದ್ದರೆ ಏನು ಮಾಡಲಿ?

ನಿವೃತ್ತ ಲೈನ್‌ಮ್ಯಾನ್

ನಮಸ್ಕಾರ ಸ್ವಾಮಿ. ನಾನು ತುಮಕೂರಿನವನು. ಕಂಬ ಹತ್ತಿ ಸಂಬಳ ತಗೊಂಡವನು, ಈಗ ಪೆನ್ಷನ್. ಎಎಗೆ ಹೋಗಲು ಶುರು ಮಾಡಿ ಬಹಳ ವರ್ಷವಾಯ್ತು. ಈಗಲೂ ಹೋಗುತ್ತೇನೆ.

ಮೀಟಿಂಗ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಪೆನ್ನು, ಆ ಗೋಡೆ. ನೀವು ಬರೆದದ್ದರಲ್ಲಿ ನಾನು ಎರಡು ಸಲ ಓದಿದ್ದು ಅದನ್ನೇ. ಬೆಳಗ್ಗೆ ಕುಡಿದರೇನೇ ಕೈ ನಿಲ್ಲುವುದು ಅಂತಾದರೆ ನಿಮ್ಮ ಮೈ ಅದಕ್ಕೆ ಒಗ್ಗಿಹೋಗಿದೆ. "ನಾಳೆಯಿಂದ ಬಂದ್" ಅಂತ ದೇವರ ಮುಂದೆ ಕರ್ಪೂರ ಹಚ್ಚಿ ಒಬ್ಬರೇ ಬಿಡಲು ಹೋಗಬೇಡಿ. ಬಿಟ್ಟ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಬುದ್ಧಿ ತಪ್ಪಿ, ಇಲ್ಲದ್ದು ಕಂಡು, ಜ್ವರ ಏರಿ ಜೀವಕ್ಕೇ ಸಂಚಕಾರ ಬರಬಹುದು. ಗೋಡೆ ಮೇಲೆ ಹರಿದಾಡಿತು ಅಂದಿರಲ್ಲ, ಅದು ಅದರ ಬಾಗಿಲು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ, ಅಣ್ಣನ ಮಗಳ ಮದುವೆಯಲ್ಲಿ ಮರ್ಯಾದೆಯಿಂದ ಓಡಾಡಬೇಕು ಅಂತ ಹಿಂದಿನ ದಿನದಿಂದ ಬಿಟ್ಟ. ಚಪ್ಪರದ ಕೆಳಗೆ, ಬಾಳೆಕಂದು ಕಟ್ಟುತ್ತಿದ್ದವನು ಹಾಗೇ ಬಿದ್ದು ಒದ್ದಾಡಿದ. ಜನ "ಕುಡಿದು ಬಿದ್ದ" ಅಂದರು. ಪಾಪ, ಅವತ್ತು ಅವನು ಕುಡಿದೇ ಇರಲಿಲ್ಲ.

ಆದ್ದರಿಂದ ಮೊದಲು ಆಸ್ಪತ್ರೆ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಇನ್ನೂ ಹತ್ತಿರ ಬೇಕಾದರೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಅದರಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಕೇಳಿಕೊಳ್ಳಿ. ಎಷ್ಟು ಕುಡಿಯುತ್ತೀರಿ ಅಂದರೆ ಅರ್ಧ ಮಾಡಿ ಹೇಳಬೇಡಿ. ನಾವೆಲ್ಲ ಹಾಗೇ ಹೇಳುತ್ತೇವೆ, ಅವರಿಗೂ ಅದು ಗೊತ್ತು. ಆದರೆ ಮಾತ್ರೆಯ ಲೆಕ್ಕ ನೀವು ಹೇಳುವುದರ ಮೇಲೆ ನಿಂತಿರುತ್ತದೆ.

ಈಗ ಮೀಟಿಂಗ್. ಎಎ ಇಂಡಿಯಾದ ಕಚೇರಿ ಮುಂಬೈಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಊರು ಹಾಕಿ ಗುಂಪು ಹುಡುಕಬಹುದು, ಸಹಾಯವಾಣಿ ನಂಬರೂ ಸಿಗುತ್ತದೆ. ಆದರೆ ಪಟ್ಟಿಯನ್ನೇ ನಂಬಿ ಬಸ್ ಹತ್ತಬೇಡಿ. ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದಿಲ್ಲ. ಶಾಲೆ ಕೊಠಡಿ, ಚರ್ಚಿನ ಪಕ್ಕದ ಹಾಲ್, ಆಸ್ಪತ್ರೆಯ ಒಂದು ರೂಮು, ಎಲ್ಲಿ ಕೊಡುತ್ತಾರೋ ಅಲ್ಲಿ. ಪರೀಕ್ಷೆ ಬಂತು ಅಂದರೆ ಶಾಲೆಯವರು ರೂಮು ವಾಪಸ್ ಕೇಳುತ್ತಾರೆ, ಗುಂಪು ಬೇರೆ ಕಡೆ ಹೋಗುತ್ತದೆ. ಪಟ್ಟಿಯಲ್ಲಿ ಹಳೇ ವಿಳಾಸವೇ ಉಳಿದಿರುತ್ತದೆ. ಫೋನ್ ಮಾಡಿ ಮೂರೇ ಮಾತು ಕೇಳಿ. ಈಗಲೂ ಅದೇ ಜಾಗವಾ? ಕನ್ನಡದಲ್ಲಾ? ಓಪನ್ನಾ, ಕ್ಲೋಸ್ಡಾ? ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು, ನಿಮ್ಮ ಮನೆಯವರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವ ಆಸೆ ಇರುವವರಿಗೆ ಮಾತ್ರ. ಮೆಂಬರ್ ಆಗಲು ಬೇಕಾಗಿರುವುದೂ ಆ ಆಸೆ ಒಂದೇ. ಫಾರಂ ಇಲ್ಲ, ಫೀಸ್ ಇಲ್ಲ, ಹಾಜರಿ ಪುಸ್ತಕ ಇಲ್ಲ.

ಫೋನ್ ಎತ್ತಲಿಲ್ಲ ಅಂದರೆ ಆಸ್ಪತ್ರೆಗೆ ಹೋಗುತ್ತೀರಲ್ಲ, ಅಲ್ಲಿಯ ಕೌನ್ಸೆಲರ್ ಹತ್ತಿರ ಕೇಳಿ. ಡಾಕ್ಟರಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ. ಎಷ್ಟೋ ಕಡೆ ಗುಂಪಿನವರೇ ವಾರ್ಡಿಗೆ ಬಂದು ಕುಳಿತು ಮಾತಾಡಿಸಿ ಹೋಗುತ್ತಾರೆ.

ಗಿರಾಕಿ ಸಿಕ್ಕರೆ ಅಂದಿರಿ. ಅದಕ್ಕೊಂದು ಉಪಾಯ ಇದೆ. ಮೊದಮೊದಲು ಬೇರೆ ಊರಿಗೆ ಹೋಗಿ. ನಿಮ್ಮೂರು ಜಂಕ್ಷನ್ ಸ್ವಾಮಿ, ಹಾಸನ, ಮೈಸೂರು ಒಂದು ಕಡೆ, ಬೀರೂರು ಒಂದು ಕಡೆ, ತಿಪಟೂರು, ತುಮಕೂರು, ಬೆಂಗಳೂರು ಇನ್ನೊಂದು ಕಡೆ. ಬೆಂಗಳೂರಿನಲ್ಲಂತೂ ದಿನಾ ಎಲ್ಲಾದರೂ ಒಂದು ಕಡೆ ಮೀಟಿಂಗ್ ಇದ್ದೇ ಇರುತ್ತದೆ. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲದರಲ್ಲೂ. ನನಗೂ ಮೊದಲು ತುಮಕೂರಿನ ಮೀಟಿಂಗ್ ಬೇಡವಾಗಿತ್ತು. ರೈಲು ಹತ್ತಿ ಬೆಂಗಳೂರಿಗೆ ಹೋದೆ. ಹೋಗಿ ನೋಡಿದರೆ ಎದುರು ಕುರ್ಚಿಯಲ್ಲಿ ನಮ್ಮ ಬಡಾವಣೆಯವರೇ ಒಬ್ಬರು! ಅವರೂ ನನ್ನ ಹಾಗೇ ಲೆಕ್ಕ ಹಾಕಿ ಬಂದಿದ್ದರು. ಇಬ್ಬರೂ ಒಂದೇ ಬೋಗಿಯಲ್ಲಿ ವಾಪಸ್ ಬಂದೆವು, ಕಡಲೆಕಾಯಿ ತಿಂದುಕೊಂಡು. ಅವರು ನನ್ನನ್ನು ನೋಡಿದ್ದು ನಿಜ, ಆದರೆ ನಾನೂ ಅವರನ್ನು ನೋಡಿದ್ದೇನಲ್ಲ. ಅಲ್ಲಿಗೆ ಲೆಕ್ಕ ಚುಕ್ತಾ.

ಜೈ ಭುವನೇಶ್ವರಿ

ಬ್ರೋ ಈ ಮೀಟಿಂಗ್ ಎಲ್ಲ ಟೈಮ್ ವೇಸ್ಟ್. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನಂಬರ್ ಇರುತ್ತೆ ನೋಡಿ, "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ. ನಮ್ಮ ಮಾವನಿಗೆ ಅತ್ತೆ ಸಾರಿನಲ್ಲಿ ಹಾಕಿ ಕೊಟ್ಟರು. ಒಂದೇ ವಾರ, ಕುಡಿದರೆ ವಾಂತಿ. ಮಿಸೆಸ್‌ಗೆ ಹೇಳಿ, ಅವರು ನೋಡ್ಕೋತಾರೆ.

ಸಿಸ್ಟರ್ ಧಾರವಾಡ

ಮೇಲಿನವರು ಹೇಳಿದ್ದನ್ನ ಯಾರೂ ಮಾಡಬ್ಯಾಡ್ರಿ. ನಾನು ನರ್ಸ್. ಇಂಥ ಪುಡಿ ತಿಂದವರನ್ನ ಕ್ಯಾಜುವಾಲ್ಟಿ ಒಳಗ ನೋಡೇನಿ.

ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಕುಡಿದರೆ ವಾಂತಿ ಬರುತ್ತದೆ ಅಂದರೆ ಡೈಸಲ್ಫಿರಾಮ್ ಥರದ್ದು ಏನಾದರೂ ಇರಬಹುದು ಅಂತ ನನಗೆ ಅನುಮಾನ. ಡೈಸಲ್ಫಿರಾಮ್ ಕೆಟ್ಟ ಔಷಧ ಅಲ್ಲ. ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿ, ಲಿವರ್ ನೋಡಿ, ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ ಕೊಡುತ್ತಾರೆ. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದುಬಿಡುತ್ತದೆ. ಆ ಹೆದರಿಕೆಯೇ ಅದರ ಕೆಲಸ. ತಿಳಿಯದಂತೆ ಹಾಕಿದರೆ ಆ ಮನುಷ್ಯ ಎಂದಿನ ಹಾಗೆ ಒಂದು ಕ್ವಾರ್ಟರ್ ಕುಡಿದು ಬರುತ್ತಾನೆ, ಯಾಕೆ ಹೀಗಾಯಿತು ಅಂತ ಅವನಿಗೂ ಗೊತ್ತಿಲ್ಲ, ನಮಗೂ ಹೇಳುವವರಿಲ್ಲ. ಮನೆಯವರು ಹೊರಗೆ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ.

ಅಣ್ಣಾರ, ಹೊಟ್ಟೆ ಸ್ಕ್ಯಾನ್ ರಿಪೋರ್ಟ್ ನೋಡಿಯೇ ಡಾಕ್ಟರ್ ಎಎಗೆ ಹೋಗಿ ಅಂದರು ಅಂದಿರಿ. ನಿಮಗಂತೂ ಈ ಆಟ ಬ್ಯಾಡವೇ ಬ್ಯಾಡ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ಭಯ ಇದ್ದರೆ ಹೇಳುತ್ತೇನೆ. ಮೊದಲ ಕೆಲವು ದಿನ ನಡುಕ, ಫಿಟ್ಸ್ ತಡೆಯಲು ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಅದನ್ನು ಜನ ಸುಮ್ನೆ ಶಕ್ತಿಯ ಇಂಜೆಕ್ಷನ್ ಅಂದುಕೊಳ್ಳುತ್ತಾರೆ. ಹಾಗಲ್ಲ. ವರ್ಷಗಟ್ಟಲೆ ಕುಡಿದವರಲ್ಲಿ ಅದು ಖಾಲಿಯಾಗಿರುತ್ತದೆ, ಕೊಡದಿದ್ದರೆ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನವರ ಹತ್ತಿರ ನೀವೇ ಕೇಳಿ ತಗೋಬ್ಯಾಡ್ರಿ, ಮಾತ್ರೆ ಮೇಲೆ ಕುಡಿದರಂತೂ ಉಸಿರೇ ನಿಲ್ಲಬಹುದು.

ರಾತ್ರಿ ಹೊತ್ತು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಫಿಟ್ಸ್ ಬಂದರೆ, ಬುದ್ಧಿ ತಪ್ಪಿ ಮಾತಾಡಿದರೆ ಫೋನಿನಲ್ಲಿ ಮಾತಾಡುತ್ತಾ ಕೂಡಬ್ಯಾಡ್ರಿ, 108 ಕರೀರಿ.

ನೇತ್ರಾವತಿ ಬದಿ

ನಮ್ಮ ಕಡೆಯ ದಾರಿಯನ್ನೂ ಹೇಳ್ತೇನೆ. ನಾನು ಬೆಳ್ತಂಗಡಿ ತಾಲೂಕಿನವ, ರಬ್ಬರ್ ಟ್ಯಾಪಿಂಗ್ ಮಾಡುವವ. ಎಎ ಅಂದರೆ ನನಗೆ ಗೊತ್ತಿರಲಿಲ್ಲ. ನನ್ನನ್ನು ಬಿಡಿಸಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮಾಡ್ತಾರೆ. ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಒಂದು ವಾರದಷ್ಟು ಹೊತ್ತು ಅಲ್ಲಿಯೇ ಊಟ, ಅಲ್ಲಿಯೇ ನಿದ್ರೆ. ಬೆಳಗ್ಗೆ ವ್ಯಾಯಾಮ, ಆಮೇಲೆ ಭಜನೆ, ಮಾತು, ಗುಂಪು ಚರ್ಚೆ. ಹೆಂಡತಿಯರನ್ನೂ ಒಂದು ದಿನ ಕರೆಸ್ತಾರೆ. ಆ ದಿನ ಮಾತ್ರ ಯಾರಿಗೂ ತಲೆ ಎತ್ತಲಿಕ್ಕೆ ಆಗುವುದಿಲ್ಲ ಮಾರಾಯ್ರೇ.

ಶಿಬಿರ ಮುಗಿದ ಮೇಲೆ ಸುಮ್ನೆ ಕಳಿಸುವುದಿಲ್ಲ. ನವಜೀವನ ಸಮಿತಿ ಅಂತ ಮಾಡ್ತಾರೆ, ಬಿಟ್ಟವರೆಲ್ಲ ಆಗಾಗ ಸೇರಬೇಕು. ನೂರು ದಿನ ಆದಾಗ ಶತದಿನೋತ್ಸವ ಅಂತ ಕಾರ್ಯಕ್ರಮವೂ ಉಂಟು. ನನ್ನ ಜೊತೆ ಶಿಬಿರದಲ್ಲಿದ್ದವರಲ್ಲಿ ಸಮಿತಿಗೆ ಬರುವುದನ್ನು ಬಿಟ್ಟವರೇ ಮೊದಲು ಗ್ಲಾಸು ಹಿಡಿದದ್ದು. ಇದು ನಾನು ಕಂಡದ್ದು. ಶಿಬಿರ ಈಗ ಘಟ್ಟದ ಮೇಲೂ ನಡೆಯುತ್ತದೆ, ನಿಮ್ಮ ತಾಲೂಕಿನ ಯೋಜನಾ ಕಚೇರಿಯಲ್ಲಿ ಕೇಳಿ. ನಿಮ್ಮ ಮನೆಯವರು ಸ್ವಸಹಾಯ ಸಂಘದಲ್ಲಿ ಇದ್ದರೆ ಸೇವಾಪ್ರತಿನಿಧಿಯನ್ನು ಕೇಳಿದರೂ ಸಾಕು.

ಒಂದೇ ವಿಷಯ, ಅಲ್ಲಿ ಗುಟ್ಟು ಅಂತ ಇಲ್ಲ. ಊರವರೇ ಸೇರಿ ಮಾಡುವುದು, ಸಮಾರೋಪಕ್ಕೆ ಎಲ್ಲರೂ ಬರ್ತಾರೆ. ನನಗೆ ಅದೇ ಒಳ್ಳೆಯದಾಯಿತು. ಊರಿಗೇ ಗೊತ್ತಾದ ಮೇಲೆ ಯಾರೂ "ಒಂದು ಹಾಕು" ಅಂತ ಕರೆಯಲಿಲ್ಲ. ಮರ್ಯಾದೆ ಹೋಗುವುದು ಎಲ್ಲಿಗೆ ಅಂತ ಈಗ ಕೇಳ್ತೇನೆ. ಅದು ಹೋಗಿ ಎಷ್ಟೋ ಕಾಲ ಆಗಿತ್ತು.

ಸರಸ್ವತಿಪುರಂ ಅಕ್ಕ

ನಾನು ಕುಡಿದವಳಲ್ಲ, ಕುಡಿಯುವವರ ಹೆಂಡತಿ. ಮೈಸೂರು. ಈ ಮಾತು ನಿಮಗಿಂತ ನಿಮ್ಮ ಮನೆಯವರಿಗೆ. ನೀವು ಅವರ ಬಗ್ಗೆ ಒಂದು ಸಾಲೂ ಬರೆದಿಲ್ಲ, ಅದನ್ನು ಗಮನಿಸಿದೆ.

ಎಎ ಇರುವ ಹಾಗೆಯೇ ಮನೆಯವರಿಗೆ ಅಲ್-ಅನಾನ್ ಅಂತ ಇದೆ. ಬೇರೆಯದೇ ಸಂಘಟನೆ, ಎಎ ಶುರು ಮಾಡಿದ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಗೆಳತಿ ಸೇರಿ 1951ರಲ್ಲಿ ಕಟ್ಟಿದ್ದು. ಹದಿಹರೆಯದ ಮಕ್ಕಳಿಗೆ ಅಲಟೀನ್. ನಾನು ಹೋಗುವ ಮೊದಲು ಏನೇನು ಮಾಡುತ್ತಿದ್ದೆ ಗೊತ್ತಾ? ಬಾಟಲಿಯ ಲೇಬಲ್ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ಎಷ್ಟು ಇಳಿದಿದೆ ಅಂತ ನೋಡುತ್ತಿದ್ದೆ. ಅವರು ನೀರು ಬೆರೆಸಿ ಗೆರೆಗೆ ಸರಿಯಾಗಿ ತುಂಬಿಸಿಡುತ್ತಿದ್ದರು. ಇದೇ ನಮ್ಮ ಸಂಸಾರ! ಸೋಮವಾರ ಎದ್ದು ಅವರ ಆಫೀಸಿಗೆ ಫೋನ್ ಮಾಡಿ "ಹೊಟ್ಟೆ ಸರಿ ಇಲ್ಲ ಸರ್" ಅನ್ನುವುದು ನನ್ನ ಕೆಲಸ. ಅವರ ಹೊಟ್ಟೆ ಎಷ್ಟು ಸೋಮವಾರ ಕೆಟ್ಟಿದೆಯೋ ದೇವರೇ ಬಲ್ಲ.

ಅಲ್ಲಿ ಹಿರಿಯರೊಬ್ಬರು ಮೂರು ಮಾತು ಹೇಳಿದರು. ಈ ಕುಡಿತಕ್ಕೆ ನೀನು ಕಾರಣ ಅಲ್ಲ, ಅದನ್ನು ಹತೋಟಿಗೆ ತರುವುದು ನಿನ್ನಿಂದ ಆಗಲ್ಲ, ವಾಸಿ ಮಾಡುವುದೂ ನಿನ್ನಿಂದ ಆಗಲ್ಲ. ಮೊದಲು ಸಿಟ್ಟು ಬಂತು. ನನ್ನ ಅತ್ತೆ ಅಷ್ಟು ವರ್ಷ "ನೀನು ಸರಿಯಾಗಿದ್ದಿದ್ರೆ ಅವನು ಯಾಕೆ ಕುಡೀತಿದ್ದ" ಅಂದಿದ್ದನ್ನು ನಂಬಿಕೊಂಡೇ ಕೂತಿದ್ದೆನಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದ ಹೂವಿನ ಹೆಂಗಸು "ಯಾರ್ ಹೋದ್ರವ್ವ?" ಅಂತ ಕೇಳಿದಳು.

ಆಮೇಲಿನ ಸೋಮವಾರ ನಾನು ಫೋನ್ ಮಾಡಲಿಲ್ಲ. ಅವರೇ ಮಾಡಬೇಕಾಯಿತು. ನಮ್ಮ ಮನೆಯವರು ಆಸ್ಪತ್ರೆಗೆ ಹೋಗಲು ಒಪ್ಪಿದ್ದು ಅದರ ನಂತರ. ಅದರಿಂದಲೇ ಅಂತ ಹೇಳಲಾರೆ. ಅವರು ಇನ್ನೂ ಜಾರುತ್ತಾರೆ, ಏಳುತ್ತಾರೆ. ನಾನು ಮಾತ್ರ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಸೋದರ, ನಿಮ್ಮ ಮನೆಯವರಿಗೆ ಇದನ್ನು ತೋರಿಸಿ.

ಬನಶಂಕರಿ 3ನೇ ಹಂತ

ಸ್ವಲ್ಪ ಬೇರೆ ಅಭಿಪ್ರಾಯ. ನನಗೆ ಎಎ ಹಿಡಿಸಲಿಲ್ಲ. ಕೆಲವು ಮೀಟಿಂಗ್ ಹೋದೆ, ಪ್ರಾರ್ಥನೆ, ದೇವರು ಅಂದ ಕೂಡಲೇ ನನ್ನ ಮನಸ್ಸು ಬಾಗಿಲು ಹಾಕಿಕೊಳ್ಳುತ್ತಿತ್ತು. ಮಂದಿ ಒಳ್ಳೆಯವರೇ, ದೂರು ಇಲ್ಲ. ನಾನು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಹೋದೆ. ಕುಡಿಯುವ ತುಡಿತ ಕಡಿಮೆ ಮಾಡುವ ಮಾತ್ರೆಗಳಿವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ್ದು. ಮಾತ್ರೆ ಮತ್ತು ಕೌನ್ಸೆಲಿಂಗ್, ನನ್ನ ಗಾಡಿ ಇದರಲ್ಲೇ ಓಡುತ್ತಿದೆ. ಎಎ ಒಂದೇ ದಾರಿ ಅನ್ನುವವರ ಮಾತು ಕೇಳಿ, ಅದು ಒಗ್ಗದಿದ್ದರೆ ನಾನೇ ಕೆಟ್ಟವನು ಅಂದುಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. "ಮನೆಗೇ ಬಂದು ಕರೆದುಕೊಂಡು ಹೋಗುತ್ತೇವೆ" ಅನ್ನುವ ಖಾಸಗಿ ಡಿ-ಅಡಿಕ್ಷನ್ ಸೆಂಟರ್‌ಗಳಿವೆ. ನನ್ನ ಸ್ನೇಹಿತನನ್ನು ಅಂಥ ಒಂದು ಕಡೆ ಕೂಡಿಹಾಕಿ ಹೊಡೆದಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಚಿಕಿತ್ಸೆಗೂ ಅನ್ವಯ ಆಗುತ್ತದೆ. ಸೇರಿಸುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ ಕೇಳಿ, ಮನೋವೈದ್ಯರು ಯಾರು ಕೇಳಿ, ಮನೆಯವರು ಬಂದು ನೋಡಬಹುದಾ ಕೇಳಿ. ಮೂರನೆಯದಕ್ಕೆ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕೊಬ್ಬರಿ ಸಂತೆ

ಇಷ್ಟು ಜನ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಎಲ್ಲರದ್ದೂ ಓದಿದೆ. ಅಕ್ಕ, ನೀವು ಹೇಳಿದ್ದು ನಿಜ, ಅವಳ ಬಗ್ಗೆ ಬರೆಯಲು ಕೈ ಬರಲಿಲ್ಲ. ತಿಪಟೂರಿನಲ್ಲಿ ತವರಿನಲ್ಲಿದ್ದಾಳೆ, ಮಗಳೂ ಅಲ್ಲೇ.

ಲೈನ್‌ಮ್ಯಾನ್ ಸರ್, ಒಂದು ಅನುಮಾನ. ಮಾಲೆ ಹಾಕಿದಾಗ ಯಾವ ಮೀಟಿಂಗೂ ಇಲ್ಲದೆ 41 ದಿನ ಇರುತ್ತಿದ್ದೆನಲ್ಲ. ಅದೇ ಮನಸ್ಸು ಉಳಿದ ದಿನ ಯಾಕೆ ಇರುವುದಿಲ್ಲ? ಮನಸ್ಸು ಗಟ್ಟಿ ಇದ್ದರೆ ಸಾಕು ಅಂತ ಎಲ್ಲರೂ ಅನ್ನುತ್ತಾರೆ. ಆಮೇಲೆ ಆ ಮೀಟಿಂಗಿನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ನಿವೃತ್ತ ಲೈನ್‌ಮ್ಯಾನ್

ಮೀಟಿಂಗ್ ಇಲ್ಲದೆ ಇದ್ದಿರಿ ಅಂತ ಯಾರು ಹೇಳಿದ್ದು ಸ್ವಾಮಿ? ಮಾಲೆ ಹಾಕಿದಾಗ ಸಂಜೆ ಎಲ್ಲಿರುತ್ತಿದ್ದಿರಿ? ದೇವಸ್ಥಾನದಲ್ಲೋ, ಯಾರದೋ ಮನೆಯ ಪಡಿಪೂಜೆಯಲ್ಲೋ. ಅದು ಸರಿಯಾಗಿ ಬಾರಿಗೆ ಹೋಗುವ ಹೊತ್ತು. ಸುತ್ತ ಹತ್ತು ಜನ ಸ್ವಾಮಿಗಳು, ಎಲ್ಲರದ್ದೂ ಕಪ್ಪು ಪಂಚೆ, ಎಲ್ಲರದ್ದೂ ಅದೇ ವ್ರತ. ಬೆಳಗ್ಗೆ ತಣ್ಣೀರು ಸ್ನಾನಕ್ಕೆ ಎಬ್ಬಿಸಲು ಒಬ್ಬರು. ಏನಾದರೂ ಆದರೆ ಕೇಳಲು ಗುರುಸ್ವಾಮಿ. ದಾರಿಯಲ್ಲಿ ಸಿಕ್ಕ ಹಳೇ ಸ್ನೇಹಿತನೂ ಕೈ ಮುಗಿದು ಮುಂದೆ ಹೋಗುತ್ತಾನೆ, "ಬಾರೋ" ಅನ್ನುವುದಿಲ್ಲ. ನಿಮ್ಮ ಮನಸ್ಸು ಗಟ್ಟಿ ಇತ್ತು, ಒಪ್ಪಿದೆ. ಆದರೆ ಅದನ್ನು ಹಿಡಿದುಕೊಂಡಿದ್ದು ಆ ಜನ. ಮಾಲೆ ತೆಗೆದ ಸಂಜೆ ಆ ಹತ್ತೂ ಜನ ಅವರವರ ಮನೆಗೆ ಹೋದರು, ನೀವು ಒಬ್ಬರೇ ಉಳಿದಿರಿ.

ಎಎ ಅಂದರೆ ನನ್ನ ಲೆಕ್ಕದಲ್ಲಿ ಮಾಲೆ ತೆಗೆಯುವ ದಿನ ಇಲ್ಲದ ಮಂಡಲ. ನಮ್ಮಲ್ಲಿ "ಇವತ್ತು ಒಂದು ದಿನ" ಅಂತಲೇ ಲೆಕ್ಕ. ನಾಳೆಯದ್ದು ನಾಳೆ. ಗುರುಸ್ವಾಮಿ ಜಾಗದಲ್ಲಿ ಸ್ಪಾನ್ಸರ್ ಇರುತ್ತಾರೆ. ನಿಮಗಿಂತ ಮೊದಲು ಬಿಟ್ಟವರು, ನೀವೇ ಆರಿಸಿಕೊಂಡವರು. ಸಂಜೆ ಏಳಕ್ಕೆ ಶಟರ್ ಎಳೆಯುವಾಗ ಕಾಲು ಬೇರೆ ಕಡೆ ತಿರುಗಿತು ಅಂದರೆ ಅವರಿಗೆ ಫೋನ್ ಮಾಡುವುದು. ಬುದ್ಧಿ ಹೇಳುವುದಿಲ್ಲ. "ಊಟ ಆಯ್ತಾ? ಮೊದಲು ಏನಾದರೂ ತಿನ್ನು" ಅನ್ನುತ್ತಾರೆ. ನನ್ನ ಸ್ಪಾನ್ಸರ್ ಅರ್ಧಕ್ಕರ್ಧ ಸಲ ಇದನ್ನೇ ಹೇಳಿದ್ದು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಇದ್ದಾಗಲೇ ಕೈ ಗ್ಲಾಸಿಗೆ ಹೋಗುವುದು ಅಂತ ಗುಂಪಿನ ಹಳಬರಿಗೆಲ್ಲ ಗೊತ್ತು.

ಇದರ ಹುಟ್ಟೂ ಹೀಗೇ. 1935ರಲ್ಲಿ ಅಮೆರಿಕದ ಅಕ್ರನ್ ಅನ್ನುವ ಊರಿಗೆ ನ್ಯೂಯಾರ್ಕಿನ ಷೇರು ವ್ಯವಹಾರದವನೊಬ್ಬ ಕೆಲಸದ ಮೇಲೆ ಬಂದ. ಆಗಷ್ಟೇ ಕುಡಿತ ಬಿಟ್ಟಿದ್ದ. ಬಂದ ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ, ಪಕ್ಕದಲ್ಲೇ ಬಾರ್. ಒಳಗೆ ಹೋಗುವ ಬದಲು ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡುತ್ತಾ, ನನ್ನ ಹಾಗೆ ಕುಡಿಯುವವರು ಯಾರಾದರೂ ಇದ್ದಾರಾ ಅಂತ ಕೇಳಿದ. ಕೊನೆಗೆ ಸಿಕ್ಕವರು ಅದೇ ಊರಿನ ಒಬ್ಬ ಸರ್ಜನ್. ಆ ಡಾಕ್ಟರ್ ಕೊನೆಯ ಸಲ ಕುಡಿದ ದಿನ ಅಂತ ಜೂನ್ 10 ಅನ್ನೇ ಎಎ ಹುಟ್ಟಿದ ದಿನ ಅನ್ನುತ್ತಾರೆ. ಬಿಲ್ ಮತ್ತು ಡಾಕ್ಟರ್ ಬಾಬ್ ಅಂದರೆ ಅವರೇ. ಇಲ್ಲಿಗೆ, ದೆಹಲಿಗೆ, ಬಂದದ್ದು 1957ರಲ್ಲಿ. ಗಮನಿಸಿ, ಬಿಲ್ ಫೋನ್ ಮಾಡಿದ್ದು ಡಾಕ್ಟರನ್ನು ಉದ್ಧಾರ ಮಾಡಲು ಅಲ್ಲ, ತಾನು ಬಾರಿಗೆ ಹೋಗದೆ ಇರಲು. ನಾನು ಈಗ ನಿಮಗೆ ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ, ನಿಮ್ಮ ಮೇಲೆ ಉಪಕಾರದ ಹೊರೆ ಇಟ್ಟುಕೊಳ್ಳಬೇಡಿ.

ಒಳಗೆ ಏನು ನಡೆಯುತ್ತದೆ ಅಂದರೆ, ನೋಡಲು ಏನೂ ಇಲ್ಲ. ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಪುಸ್ತಕ, ಕರಪತ್ರ. ಒಂದು ಗಂಟೆ, ಜಾಸ್ತಿ ಅಂದರೆ ಒಂದೂವರೆ. ಸ್ವಲ್ಪ ಮೌನ, ಒಂದು ಪ್ರಾರ್ಥನೆ, ಎಎ ಅಂದರೇನು ಅಂತ ಒಂದು ಪುಟ ಓದುವುದು. ಆಮೇಲೆ ಒಬ್ಬೊಬ್ಬರಾಗಿ "ನಾನು ಇಂಥವನು, ನಾನೊಬ್ಬ ಆಲ್ಕೋಹಾಲಿಕ್" ಅಂತ ಶುರು ಮಾಡಿ ತಮ್ಮ ಮಾತು ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಹೀಗೆ ಮಾಡು, ಹಾಗೆ ಮಾಡು ಅನ್ನುವುದಿಲ್ಲ. ನಿಮ್ಮ ಸರದಿ ಬಂದರೆ "ಇವತ್ತು ಕೇಳಿಸಿಕೊಳ್ಳುತ್ತೇನೆ" ಅನ್ನಿ, ಮುಂದಿನವರು ಶುರು ಮಾಡುತ್ತಾರೆ. ನಾನು ಮೊದಮೊದಲು ಬಾಯಿ ಬಿಡುತ್ತಿರಲಿಲ್ಲ. ಕಂಬ ಹತ್ತುವಾಗ ಕೈ ನಡುಗುತ್ತಿದ್ದದ್ದನ್ನು ಯಾರ ಹತ್ತಿರವೂ ಹೇಳಿದವನಲ್ಲ, ಇನ್ನು ಅಲ್ಲಿ ಹೇಳುತ್ತೇನಾ? ಒಂದು ದಿನ ಲಾರಿ ಡ್ರೈವರ್ ಒಬ್ಬರು, ಸ್ಟೀರಿಂಗ್ ಹಿಡಿಯಲು ಆಗದೆ ಕ್ಲೀನರ್ ಕೈಗೆ ಕೊಟ್ಟದ್ದನ್ನು ಹೇಳಿದರು. ನನ್ನದೇ ಕಥೆ ಅವರು ಹೇಗೆ ಹೇಳುತ್ತಿದ್ದಾರೆ ಅನ್ನಿಸಿತು. ನಿಮ್ಮ ಬಿಲ್ ಪುಸ್ತಕದ ವಿಷಯ ಓದಿದಾಗಲೂ ಹಾಗೇ ಆಯಿತು.

ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ. ರೂಮಿನ ಬಾಡಿಗೆ, ಟೀ, ಪುಸ್ತಕದ ಖರ್ಚಿಗೆ. ಹತ್ತು ರೂಪಾಯಿ ಹಾಕಬಹುದು, ಹಾಕದೆಯೂ ಇರಬಹುದು. ಹೊರಗಿನವರಿಂದ ಎಎ ದುಡ್ಡು ಮುಟ್ಟುವುದಿಲ್ಲ, ಅದು ಅವರ ನಿಯಮ.

ಮತಾಂತರದ ಮಾತು ಬಿಡಿ. ಚರ್ಚಿನ ಹಾಲ್ ಅಂತ ಕಂಡು ಜನ ಹಾಗಂದುಕೊಳ್ಳುತ್ತಾರೆ, ಹಾಲ್ ಕೊಟ್ಟಿದ್ದಾರೆ ಅಷ್ಟೇ. ದೇವರ ಹೆಸರು ಬರುತ್ತದೆ, ಅದು ನಿಜ. "ನಾವು ಅರಿತುಕೊಂಡಂಥ ದೇವರು" ಅಂತ ಇದೆ. ನಮ್ಮ ಗುಂಪಿನಲ್ಲಿ ಹಣೆಗೆ ವಿಭೂತಿ ಹಚ್ಚಿದವರಿದ್ದಾರೆ, ಶುಕ್ರವಾರ ನಮಾಜ್ ಮುಗಿಸಿ ಬರುವವರಿದ್ದಾರೆ, ಹಳೇ ಕಮ್ಯುನಿಸ್ಟ್ ಒಬ್ಬರಿದ್ದಾರೆ. ಆ ಕಾಮ್ರೇಡ್ ಈ ಗುಂಪನ್ನೇ ದೇವರು ಅಂತ ಲೆಕ್ಕಕ್ಕೆ ಹಿಡಿದಿದ್ದಾರೆ. ಬನಶಂಕರಿಯವರಿಗೆ ಒಗ್ಗಲಿಲ್ಲ ಅಂದರೆ ಅದೂ ಸರಿಯೇ, ಅವರು ಕುಡಿಯುತ್ತಿಲ್ಲವಲ್ಲ, ಅಷ್ಟು ಸಾಕು. ಮಾತ್ರೆ ತಗೊಂಡು ಮೀಟಿಂಗಿಗೂ ಬರುವವರು ನಮ್ಮಲ್ಲೇ ಇದ್ದಾರೆ.

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಒಂದೊಂದು ಗುಂಪಿನ ರುಚಿ ಒಂದೊಂದು. ಅಂಗಡಿ ಬಿಟ್ಟು ಬರಲಾಗದ ದಿನ ಆನ್‌ಲೈನ್ ಮೀಟಿಂಗ್ ಇದೆ, ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಆದರೆ ಅದರಲ್ಲಿ ಮೀಟಿಂಗ್ ಮುಗಿದ ಮೇಲೆ ಹೊರಗೆ ನಿಂತು ಟೀ ಕುಡಿಯುವುದು ಇರುವುದಿಲ್ಲ. ಅರ್ಧ ಕೆಲಸ ಆಗುವುದು ಅಲ್ಲೇ.

ಕೊಬ್ಬರಿ ಸಂತೆ

ಇವತ್ತು ತಾಲೂಕು ಆಸ್ಪತ್ರೆಗೆ ಹೋಗಿ ಕೇಳಿದೆ. ಬರುವ ಮಂಗಳವಾರ ಮನೋವೈದ್ಯರು ಇರುತ್ತಾರಂತೆ. ಅಂಗಡಿ ಹುಡುಗನೂ ಜೊತೆಗೆ ಬರುತ್ತೇನೆ ಅಂದ. ಅಲ್ಲಿಯವರೆಗೆ ನಾನಾಗಿ ಏನೂ ನಿಲ್ಲಿಸುವುದಿಲ್ಲ, ಏನೂ ಜಾಸ್ತಿಯೂ ಮಾಡುವುದಿಲ್ಲ. ತಿಪಟೂರಿಗೆ ಫೋನ್ ಮಾಡಿ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಆದರೆ ಫೋನ್ ಇಡಲೂ ಇಲ್ಲ.

ಕೊನೇ ಪ್ರಶ್ನೆ, ನಗಬೇಡಿ. ಮೀಟಿಂಗಿಗೆ ಹೋಗುವ ದಿನ ಕುಡಿದಿದ್ದರೆ ಒಳಗೆ ಬಿಡುತ್ತಾರಾ?

ನಿವೃತ್ತ ಲೈನ್‌ಮ್ಯಾನ್

ಬಿಡುತ್ತಾರೆ. ಎಷ್ಟೋ ಜನ ಮೊದಲ ಸಲ ಹಾಗೇ ಬಂದವರು. ಮಾತಾಡದೆ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿ ಅನ್ನುತ್ತಾರೆ, ಅಷ್ಟೇ. ಬೈಕ್ ಮಾತ್ರ ತರಬೇಡಿ, ರೈಲಿಗೆ ಬನ್ನಿ. ತುಮಕೂರಿಗೆ ಬರುವುದಾದರೆ ಇಲ್ಲಿ ಮೆಸೇಜ್ ಹಾಕಿ, ಸ್ಟೇಷನ್ ಹತ್ತಿರ ನಿಂತಿರುತ್ತೇನೆ.